ಸಾಕಮ್ಮನವರ ವಾಷಿಂಗ್ ಮಷಿನ್

ಮನೆಮನೆಗೆ ಹೋಗಿ ವಾಷಿಂಗ್ ಮಷಿನ್ ಕೂರಿಸಿಕೊಡುವುದು ನನ್ನ ಕೆಲಸ. ಮೈಸೂರಿನಿಂದ ಕಡಕೊಳದ ಒಂದು ವಠಾರಕ್ಕೆ ಹೋಗಿದ್ದೆ. ಫ್ಯಾಕ್ಟರಿಯಲ್ಲಿ ದುಡಿಯುವ ಮಗಳು ತಾಯಿ ಸಾಕಮ್ಮನವರಿಗೆ ಮಷಿನ್ ಕೊಡಿಸಿದ್ದಳು. ಬಚ್ಚಲ ಪಕ್ಕ ಪೈಪು ಜೋಡಿಸಲು ಹೊರಟರೆ ಸಾಕಮ್ಮ ತಡೆದರು.

“ಇಲ್ಲಿ ಬ್ಯಾಡ ಕಣಪ್ಪ. ಆಚೆ ಜಗಲಿ ಮೇಲೆ ಇಡು.”

“ಆಚೆ ಇಟ್ರೆ ವಾರಂಟಿ ಸಿಗಲ್ಲ ಅಮ್ಮ. ಕಂಪನಿ ರೂಲ್ಸು.”

ಸಾಕಮ್ಮ ದನಿ ತಗ್ಗಿಸಿದರು. “ಪಕ್ಕದ್ಮನೆ ಮಾದೇವಮ್ಮಂಗೆ ಲಕ್ವ ಹೊಡ್ದು ಒಂದು ಕೈ ಬಿದ್ದೋಗದೆ. ಒಂದೇ ಕೈಲಿ ಒಗೀತಾಳೆ. ನಮ್ಮನೆ ಒಳಕ್ಕೆ ಬಟ್ಟೆ ತತ್ತಾ ಅಂದ್ರೆ ಸಂಕೋಚಕ್ಕೆ ಬರಲ್ಲ. ಅವಳು ಅಲ್ಲಿ ಕಲ್ಲಿಗೆ ಬಡೀತಿದ್ರೆ ನಾನು ಇಲ್ಲಿ ಗುಂಡಿ ಒತ್ಕೊಂಡು ಕೂತ್ಕಳಕಾಯ್ತದಾ?”

ಕೊನೆಗೆ ಉದ್ದನೆಯ ಪೈಪು ತರಿಸಿ, ಮುಂಬಾಗಿಲ ಒಳಗೇ ಹೊಸ್ತಿಲಿಗೆ ತಾಗಿಸಿ ಇಟ್ಟೆ. ಮಷಿನ್ ಮನೆಯೊಳಗೇ ಇತ್ತು, ಆದರೆ ಜಗಲಿಯಲ್ಲಿ ನಿಂತೇ ಬಟ್ಟೆ ಹಾಕಬಹುದಿತ್ತು.

ಮೊದಲು ಒಗೆದದ್ದು ಮಾದೇವಮ್ಮನ ಹೊದಿಕೆಗಳನ್ನು. ಹೆಂಗಸರಿಬ್ಬರೂ ಜಗಲಿಯಲ್ಲಿ ಕೂತು, ಗಾಜಿನೊಳಗೆ ನೊರೆ ಸುತ್ತುವುದನ್ನು ಮುಗಿಯುವ ತನಕ ನೋಡಿದರು. “ನಾವು ಸುಮ್ನೆ ಕೂತಿದ್ರೂ ಬಟ್ಟೆ ಒಗೀತಾ ಅದಲ್ಲ,” ಎಂದು ಮಾದೇವಮ್ಮ ನಕ್ಕರು. ಸಾಕಮ್ಮ ನನಗೂ ಜಾಗ ಬಿಟ್ಟರು. ಬೇರೆ ಮನೆಗೆ ಹೋಗುವುದಿದ್ದರೂ ಕೂತೆ.

ನಮ್ಮ ಮನೆಗೆ ಮಷಿನ್ ಬಂದು ಎಷ್ಟೋ ವರ್ಷವಾಯಿತು. ಅದರ ಸದ್ದಿಗೆ ಬೈಯುವುದು ಬಿಟ್ಟರೆ ನಾನು ಅದರ ಕಡೆ ನೋಡಿದ್ದೇ ಇಲ್ಲ. ಆ ಭಾನುವಾರ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಹೆಂಡತಿ ಅಡುಗೆಮನೆಯಿಂದ ಗಾಬರಿಯಾಗಿ ಬಂದಳು.

“ಏನ್ರೀ, ಕೆಟ್ಟೋಯ್ತಾ?”