ತಾರು ಹೋಯಿತು, ಅವ್ವ ಬರಲಿಲ್ಲ

ಹಾಡು ಬದಲಿಸಲು ಕುರ್ಚಿಯಿಂದ ಏಳಬಾರದೆಂದೇ ನಾನು ಆ ಬೆರಳುದ್ದದ ಡಬ್ಬಿ ತಂದೆ ಎಂದು ಮನೆಯವರೆಲ್ಲ ನಂಬಿದ್ದಾರೆ. ಪೂರ್ತಿ ಸುಳ್ಳೇನಲ್ಲ. ಅದನ್ನು ಪಡಸಾಲೆಯ ಸ್ಟೀರಿಯೋ ಹಿಂದೆ ಸಿಕ್ಕಿಸಿದರೆ ಸಾಕು, ಒಳಕೋಣೆಯ ಕಂಪ್ಯೂಟರಿನಲ್ಲಿರುವ ಹಾಡು ತಾರಿಲ್ಲದೆ ಬಂದು ಅಲ್ಲಿ ಮೊಳಗುತ್ತದೆ. ಆದರೆ ನನ್ನ ಸಂಚೇ ಬೇರೆ ಇತ್ತು. ಅವ್ವನನ್ನು ಮನೆಯೊಳಗೆ ಬರಮಾಡಿಕೊಳ್ಳಬೇಕಿತ್ತು.

ತೊಂಬತ್ತಮೂರರ ಭೂಕಂಪದಲ್ಲಿ ಮರಾಠಿ ಸೀಮೆಯ ಸಾಸ್ತೂರಿನ ನಮ್ಮ ಮಣ್ಣಿನ ಮಾಳಿಗೆ ಮನೆ ಕುಸಿಯಿತು. ಪುಣ್ಯಕ್ಕೆ ನಮ್ಮ ಜೀವಗಳು ಉಳಿದವು. ಆಮೇಲೆ ಉಮರಗಾಕ್ಕೆ ಬಂದು ಸ್ಲ್ಯಾಬಿನ ಮನೆ ಕಟ್ಟಿಸಿದೆವು. ಅವ್ವ ಮಾತ್ರ ಅಂಗಳದ ತಗಡಿನ ಶೆಡ್ಡಿನಲ್ಲೇ ಠಿಕಾಣಿ ಹೂಡಿದಳು. ದೀಪಾವಳಿಯ ಲಕ್ಷ್ಮೀಪೂಜೆಗೆ ಒಳಗೆ ಬರುತ್ತಾಳೆ, ಆರತಿ ಮುಗಿಯುವಷ್ಟು ಹೊತ್ತು. ಪರಿಚಯದ ಎಂಜಿನಿಯರೊಬ್ಬರು ಕಂಬಿ, ಸಿಮೆಂಟಿನ ವಿಚಾರವನ್ನೆಲ್ಲ ಬಿಡಿಸಿ ಹೇಳಿ ಧೈರ್ಯ ತುಂಬಿದಾಗ ಅವರಿಗೆ ಚಹಾ ಕುಡಿಸಿ ಕಳಿಸಿದಳು.

ಬೀರಪ್ಪ ದೇವರ ಡೊಳ್ಳಿನ ಹಾಡೆಂದರೆ ಅವಳಿಗೆ ಪ್ರಾಣ. ದೇವಣಿಯಲ್ಲಿರುವ ನನ್ನ ಸೋದರಮಾವ ಪ್ರಾಯದಲ್ಲಿ ಹಾಡಿದ್ದ ಕ್ಯಾಸೆಟ್ಟೊಂದನ್ನು ಕಂಪ್ಯೂಟರಿಗೆ ಇಳಿಸಿ, ಒಂದು ಸಂಜೆ ಸಣ್ಣ ದನಿಯಲ್ಲಿ ಹಚ್ಚಿದೆ. ಸರಿಯಾಗಿ ಕೇಳಬೇಕೆಂದರೆ ಒಳಗೇ ಬರಬೇಕು, ಅಷ್ಟೇ ದನಿ. ಅವ್ವ ಹೊಸ್ತಿಲವರೆಗೆ ಬಂದಳು.

"ನಮ್ಮಣ್ಣನ ದನಿ ಅಲ್ಲೇನೋ ತಮ್ಮಾ ಇದು?"

"ಹೌದವ್ವ. ಒಳಗ ಬಾ, ಛಂದ ಕೇಳಿಸ್ತದ. ತಾರ್ ಇಲ್ದೇ ಬರ್ಲಾಕತ್ಯಾದ."

ಅವಳ ಕಾಲದವರಿಗೆ ತಾರು ಎಂದರೆ ಟೆಲಿಗ್ರಾಂ; ಅದು ಬಂತೆಂದರೆ ಒಡೆದು ನೋಡುವ ಮೊದಲೇ ಮನೆಯವರು ಅಳಲು ಶುರುಮಾಡುತ್ತಿದ್ದರು. ಹಾಗಾಗಿ ನಾನು ತಾರಿಲ್ಲದ್ದು ಎಂಬರ್ಥದ ಮರಾಠಿಯ 'ಬಿನತಾರಿ'ಯಿಂದ ಹಿಡಿದು ಗಾಳಿಯಲ್ಲಿ ತೇಲುವ ಅಲೆಗಳವರೆಗೆ ಪುಟ್ಟ ಭಾಷಣವನ್ನೇ ಬಿಗಿದೆ. ಅವ್ವ ಎಲ್ಲವನ್ನೂ ಹೊಸ್ತಿಲಾಚೆ ನಿಂತೇ ಕೇಳಿದಳು.

"ಹಗ್ಗ ಇಲ್ಲಂದಮ್ಯಾಲ ಅದಕ್ಕ ಒಳಗ್ಯಾಕ ನಿಂದ್ರಿಸೀದಿ? ಹೊರಗ ತಾ."

ಕರೆಂಟಿಗೆ ಉದ್ದನೆಯ ವೈರು ಎಳೆದು ಸ್ಟೀರಿಯೋವನ್ನು ಶೆಡ್ಡಿಗೆ ಹೊತ್ತೆ. ನಡುವೆ ಎರಡು ಗೋಡೆ ಅಡ್ಡ ಬಂದು, ಮಾವ ಅರ್ಧ ಹಾಡಿ ಅರ್ಧ ನುಂಗತೊಡಗಿದ. ಕಂಪ್ಯೂಟರನ್ನೂ ಹೊತ್ತೆ. ಕೂಗಿ ಕರೆದು ಸಾಕಾದ ಹೆಂಡತಿ ಚಹಾ ಹಿಡಿದು ಅಲ್ಲಿಗೇ ಬಂದಳು, ಬೆನ್ನಿಗೇ ಮಗಳು ಪುಸ್ತಕ ತಂದಳು. ಅವ್ವ ಒಳಗೆ ಬರಲಿಲ್ಲ, ಮನೆಯೇ ಹೊರಗೆ ಬಂದು ಕೂತಿತು.

ಸೋತ ಮುಖ ಹೊತ್ತು ಕೇಳಿಯೇಬಿಟ್ಟೆ. "ಆ ಸ್ಲ್ಯಾಬಿಂದು ಅಷ್ಟ್ಯಾಕ ಅಂಜ್ಕಿ ಅವ್ವ ನಿನಗ?"

"ನನಗೇನ್ ಅಂಜ್ಕಿ ತಮ್ಮಾ?" ಅವ್ವ ಚಹಾ ಆರಿಸಿಕೊಳ್ಳುತ್ತ ಹೇಳಿದಳು. "ನೀವೆಲ್ಲ ಅದರ ಕೆಳಗ ಮಲಗ್ತೀರಿ. ಮಣ್ಣು ಸರಿಸಿ ಹೊರಗ ತೆಗೀಲಾಕ ಯಾರರೆ ಒಬ್ರು ಹೊರಗ ಇರ್ಬೇಕಲ್ಲ."

ಅವ್ವ ಆಗಲೇ ಡೊಳ್ಳಿಗೆ ತಲೆಯಾಡಿಸುತ್ತಿದ್ದಳು. ಇಷ್ಟು ವರ್ಷ ಪುಕ್ಕಲಿ ಎಂದು ನಾನು ನಕ್ಕಿದ್ದು ಇವಳನ್ನು ನೋಡಿ. ಒಳಗೆ ಬಾ ಎಂದು ಆಮೇಲೆ ನಾನವಳನ್ನು ಕರೆದಿಲ್ಲ. ಅವಳು ಹೊರಗಿದ್ದಾಳೆಂದೇ ನಮಗೆ ಒಳಗೆ ನಿದ್ದೆ ಹತ್ತುತ್ತದೆ.