ಹಾಳೆ ತುಂಬ ನನ್ನ ಸೈನು

ನಮ್ಮೂರಿನ ಚರಿತ್ರೆ ಮೇಷ್ಟ್ರ ಕಿವಿ ಮೇಲೆ ಸದಾ ಸೀಮೆಸುಣ್ಣ, ಬಾಯಲ್ಲಿ ಒಂದೇ ಮಾತು: "ಬೈದರೆ ಸಾಲದು, ಬರೀರಿ."

ಪಕ್ಕದೂರಿನ ಡೈರಿಯವನು ನಮ್ಮೂರ ಹಾಲನ್ನು ಕೊನೆಗೆ ಅಳೆಯುತ್ತಿದ್ದ. ಅಷ್ಟರಲ್ಲಿ ಅದು ಕೆಡುತ್ತಿತ್ತು. ನಾನು ಬೈಯುವುದು ಕೇಳಿ ಮೇಷ್ಟ್ರು ಅಮೆರಿಕದ ಕತೆ ತೆಗೆದರು. ಅಲ್ಲಿನವರು ಸಮುದ್ರದಾಚೆಯ ರಾಜನಿಗೆ ಅರ್ಜಿ ಮೇಲೆ ಅರ್ಜಿ ಹಾಕಿದರಂತೆ. ಅವನು ಕೇಳಲಿಲ್ಲ. ಕೊನೆಗೆ ಅವನ ತಪ್ಪುಗಳನ್ನೆಲ್ಲ ಬರೆದು, ಇನ್ನು ನಾವು ಬೇರೆ ಎಂದು ಸೈನು ಹಾಕಿದರಂತೆ.

"ರಾಜ ಸುಮ್ಕಿದ್ನಾ ಮೇಷ್ಟ್ರೇ?"

"ಸಿಕ್ಕಿದ್ರೆ ನೇಣಿಗೆ ಹಾಕೋನು. ಗೊತ್ತಿದ್ದೇ ಸೈನು ಹಾಕಿದ್ರು ಕಣಮ್ಮ."

"ಡೈರಿಯವ್ನು ನೇಣಾಕಕಿಲ್ಲ. ಪೆನ್ ಕೊಡಿ ಇತ್ಲಾಗೆ."

ನಮಗೇ ಬೇರೆ ಡೈರಿ ಬೇಕೆಂದು ಮೇಷ್ಟ್ರು ಬರೆದುಕೊಟ್ಟರು. ಮೊದಲ ಸೈನು ನನ್ನದೇ; ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ ಅರ್ಧ ಹಾಳೆ ತಿಂದಿತು.

"ಅಮೆರಿಕದಲ್ಲೂ ಮೊದಲನೆಯವನು ಹಿಂಗೇ ದೊಡ್ಡದಾಗಿ ಹಾಕಿದ್ದ!" ಎಂದು ಅವರು ನಕ್ಕ ರಭಸಕ್ಕೆ ಸೀಮೆಸುಣ್ಣ ಕೆಳಗೆ ಬಿತ್ತು.

ಹಾಳೆ ಚನ್ನಪಟ್ಟಣದ ಹಾಲು ಒಕ್ಕೂಟದ ಆಫೀಸಿಗೆ ಹೋಯಿತು. ಈಗ ನಮ್ಮೂರಲ್ಲೇ ಡೈರಿ ಇದೆ. ದಿನಾ ಮೊದಲು ಅಳೆಯುವುದು ನನ್ನ ಹಾಲನ್ನೇ.