ಕಾಫ್ ಇಪ್ಪತ್ತು, ರೇ ಇನ್ನೂರು

ಒಂದೇ ಲಾರಿ ಒಂದೇ ಬೆಳಗಿನಲ್ಲಿ ಕುಳಗಿಯ ಕಾಡಿನಿಂದ ನಾಲ್ಕು ಸಲ ಮರ ಹೊತ್ತು ತಂದಿದೆ ಎಂದು ನಾನು ಒಮ್ಮೆ ಡಿಪೋದ ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಧಾರವಾಡದಲ್ಲಿ ಎಂ.ಎ. ಮುಗಿಸಿ, ದಾಂಡೇಲಿಯ ಮರದ ಡಿಪೋದಲ್ಲಿ ಕಾರಕೂನನಾಗಿ ಸೇರಿ ಆಗಿನ್ನೂ ಎರಡು ವಾರ. ಲಾರಿಗಳ ನಂಬರ್ ಪ್ಲೇಟಿನ ಮೇಲೆ ಬೆರಳು ದಪ್ಪ ಕೆಸರು ಮೆತ್ತಿರುತ್ತಿತ್ತು. ಆದರೆ ಹಣೆಯ ಮೇಲೆ ಹಸಿರು ಬಣ್ಣದಲ್ಲಿ 786 ಎಂದು ಸ್ಪಷ್ಟವಾಗಿ ಬರೆದಿರುತ್ತಿದ್ದರು. ಓದಲು ಬರುವುದನ್ನು ಬಿಟ್ಟು ಬಾರದ್ದನ್ನು ಕೆರೆಯುತ್ತ ಕೂರುವುದು ವಿದ್ಯಾವಂತನ ಲಕ್ಷಣವಲ್ಲ ಎಂದುಕೊಂಡು ಅದನ್ನೇ ಬರೆದುಕೊಂಡೆ. ಮಧ್ಯಾಹ್ನ ಸಾಹೇಬರು ಪುಟ ತಿರುಗಿಸಿ, ಈ ಲಾರಿಗೆ ರೆಕ್ಕಿ ಅವ ಏನು ಎಂದು ಮೆತ್ತಗೆ ಕೇಳಿದರು.

ಆ ಲಾರಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವರು ಬಾಬುಸಾಬ ಮೇಸ್ತ್ರಿ. ಹಳಿಯಾಳ ರಸ್ತೆಯ ಬದಿಗೆ ಅವರದೊಂದು ತಗಡಿನ ಶೆಡ್ ಇತ್ತು. ನಾನು ನನ್ನ ಅವಮಾನವನ್ನು ಹೇಳಿಕೊಂಡಾಗ ಅವರು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ನಕ್ಕರು ಎಂದು ನನ್ನ ನೆನಪು. ಡೈರಿ ತೆಗೆದು ನೋಡಿದರೆ ‘ಮೇಸ್ತ್ರಿ ನಕ್ಕರು’ ಎಂದಷ್ಟೇ ಇದೆ. ಪಾನಾವನ್ನು ಆಮೇಲೆ ನಾನೇ ಅವರ ಕೈಗೆ ಕೊಟ್ಟಿರಬೇಕು. ನನ್ನ ನೆನಪಿಗೆ ಈ ಚಟ ಇದೆ. ಬರಿಗೈಯಲ್ಲಿ ನಿಂತವರನ್ನು ಕಂಡರೆ ಅದಕ್ಕೆ ಸಮಾಧಾನವಿಲ್ಲ, ಏನಾದರೂ ಹಿಡಿಸಿಬಿಡುತ್ತದೆ. ಮುಂದಿನದನ್ನೂ ನೀವು ಅಷ್ಟೇ ಹುಷಾರಾಗಿ ಓದಬೇಕು.

ಅದು ಲಾರಿಯ ನಂಬರಲ್ಲ, ದೇವರ ಹೆಸರಿನ ಲೆಕ್ಕ ಎಂದರು ಮೇಸ್ತ್ರಿ. ಅರಬ್ಬಿಯ ಅಕ್ಷರಕ್ಕೆ ಒಂದೊಂದಕ್ಕೂ ಒಂದು ಎಣಿಕೆ. ಅಲಿಫ್ ಒಂದು, ಬೇ ಎರಡು, ಜೀಮ್ ಮೂರು, ದಾಲ್ ನಾಲ್ಕು. ಹತ್ತರವರೆಗೆ ಒಂದೊಂದೇ ಮೆಟ್ಟಿಲು, ಅಲ್ಲಿಂದ ನೂರರವರೆಗೆ ಹತ್ತತ್ತರ ಹಾರಿಕೆ, ಆಮೇಲೆ ನೂರುನೂರರ ಜಿಗಿತ, ಇಪ್ಪತ್ತೆಂಟನೆಯ ಅಕ್ಷರಕ್ಕೆ ಸಾವಿರ. ದೇವರನ್ನು ನೆನೆದು ಕೆಲಸ ಶುರು ಮಾಡುವ ಆ ಒಂದು ಸಾಲಿನ ಅಕ್ಷರಗಳನ್ನೆಲ್ಲ ಕೂಡಿದರೆ ಏಳುನೂರ ಎಂಬತ್ತಾರು ಬರುತ್ತದೆ. ಸಾಲನ್ನೇ ಬರೆದರೆ ಅದರ ಮೇಲೆ ಕೆಸರು ಸಿಡಿದೀತು, ಯಾರದೋ ಕಾಲು ತಾಗೀತು. ಅದಕ್ಕೇ ಲೆಕ್ಕವನ್ನು ಬರೆಯುತ್ತಾರೆ.

ನನಗೆ ಇದು ತೀರ ಹೊಸದೆನಿಸಲಿಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ವರ್ಷ ಹೇಳುವಾಗ ಅಂಕಿ ಬರೆಯದೆ ‘ನಯನ’ ಎಂದರೆ ಎರಡು, ‘ವೇದ’ ಎಂದರೆ ನಾಲ್ಕು, ‘ಬಾಣ’ ಎಂದರೆ ಐದು ಎಂದು ಪೋಣಿಸುತ್ತಿದ್ದರಲ್ಲ! ಪರೀಕ್ಷೆಗೆ ಅದನ್ನೆಲ್ಲ ಉರು ಹೊಡೆದಿದ್ದೆ. ಅಂಕಿಗೆ ಮಾತಿನ ಅಂಗಿ ತೊಡಿಸುವುದು ನಮ್ಮ ಪದ್ಧತಿ, ಮಾತಿಗೆ ಅಂಕಿಯ ಅಂಗಿ ತೊಡಿಸುವುದು ಅವರದು ಎಂದು ಮೇಸ್ತ್ರಿಗೆ ವಿವರಿಸಿದೆ. ಅವರು ನನ್ನ ಪಾಂಡಿತ್ಯವನ್ನು ಗೌರವದಿಂದ ಕೇಳಿ, ಹಂಗಾರ ನೀವು ಲಗೂನ ಕಲೀತೀರಿ ಎಂದರು. ನಾನು ಲಗೂನ ಕಲಿಯಲಿಲ್ಲ.

ಮೇಸ್ತ್ರಿ ಮೌಲವಿಯಲ್ಲ. ಅವರ ತಂದೆ ಹಳಿಯಾಳದಲ್ಲಿ ಮಕ್ಕಳಿಗೆ ಓದು ಹೇಳಿಕೊಡುತ್ತಿದ್ದವರು. ಮಗ ಎಂಜಿನ್ನಿನ ಕಡೆ ಹೋದರೂ ಈ ಲೆಕ್ಕ ಅವರನ್ನು ಬಿಟ್ಟಿರಲಿಲ್ಲ. ಸಂಜೆ ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ ಸೀಮೆಎಣ್ಣೆಯಿಂದ ಕೈಯ ಗ್ರೀಸು ತೊಳೆದು, ಆಮೇಲೆ ಸಾಬೂನಿನಿಂದ ಸೀಮೆಎಣ್ಣೆ ತೊಳೆದು, ಹಲಗೆ ತೆಗೆದುಕೊಂಡು ಕೂರುತ್ತಿದ್ದರು. ಅಕ್ಷರಮಾಲೆ ಕಲಿಯಲು ಒಂದು ಕ್ರಮ, ಲೆಕ್ಕಕ್ಕೆ ಇನ್ನೊಂದು ಕ್ರಮ ಎಂದು ತಿಳಿದ ದಿನವೇ ನನ್ನ ಅರ್ಧ ಧೈರ್ಯ ಹೋಯಿತು. ಉಳಿದರ್ಧವನ್ನು ನಾಲ್ಕು ‘ಜ’ಗಳು ತಿಂದವು. ಒಂದು ಜ ಏಳು, ಒಂದು ಏಳುನೂರು, ಒಂದು ಎಂಟುನೂರು, ಒಂದು ಒಂಬೈನೂರು. ನನ್ನ ಕಿವಿಗೆ ನಾಲ್ಕೂ ಒಂದೇ. ಏಳಕ್ಕೂ ಒಂಬೈನೂರಕ್ಕೂ ವ್ಯತ್ಯಾಸ ಕೇಳಿಸದವರು ಡಿಪೋದಲ್ಲಿ ಹೆಂಗ ಉಳದೀರಿ ಎಂದು ಮೇಸ್ತ್ರಿ ಒಂದೆರಡು ಸಲ ಚುಚ್ಚಿದರು.

ಹಾಗಾಗಿ ಬಾಯಿಪಾಠವೇ ಗತಿಯಾಯಿತು. ಬೆಳಿಗ್ಗೆ ದಾಡಿ ಮಾಡಿಕೊಳ್ಳುತ್ತ, ನೀರು ಸೇದುತ್ತ, ಅಂಗಿಗೆ ಗುಂಡಿ ಹಾಕಿಕೊಳ್ಳುತ್ತ ‘ಕಾಫ್ ಇಪ್ಪತ್ತು, ಲಾಮ್ ಮೂವತ್ತು’ ಎಂದು ಜೋರಾಗಿ ಹೇಳುತ್ತಿದ್ದೆ. ಬಾಡಿಗೆಗೆ ಹಿಡಿದ ಎರಡು ಕೋಣೆಯ ಮನೆಯಲ್ಲಿ ನಾನು, ಅವ್ವ ಇಬ್ಬರೇ. ನನಗಿನ್ನೂ ಮದುವೆಯಾಗಿರಲಿಲ್ಲ. ತಂದೆ ಎಂದೋ ಹೋಗಿದ್ದರು. ಅವ್ವನಿಗೆ ಓದುಬರಹ ಇರಲಿಲ್ಲ. ಮಗ ಇಂಥ ವಿದ್ಯೆ ಕಲಿಯುವುದಕ್ಕೆ ಅವಳ ತಕರಾರೂ ಇರಲಿಲ್ಲ. ತಾನು ಮಡಿಯಲ್ಲಿದ್ದಾಗ ಮಾತ್ರ ಸ್ವಲ್ಪ ಮೆಲ್ಲಗೆ ಹೇಳು ಎಂದಿದ್ದಳು.

ತಿಂಗಳೊಪ್ಪತ್ತಿನ ಮೇಲೆ ಮೇಸ್ತ್ರಿ ನನ್ನ ಹೆಸರನ್ನೇ ಲೆಕ್ಕಕ್ಕೆ ಕೊಟ್ಟರು. ವಾಮನ. ವಾವ್ ಆರು, ಅಲಿಫ್ ಒಂದು, ಮೀಮ್ ನಲವತ್ತು, ನೂನ್ ಐವತ್ತು. ತೊಂಬತ್ತೇಳು. ಬೆರಳು ಮಡಿಸಿ ಮಡಿಸಿ ಎರಡು ಸಲ ಕೂಡಿದೆ.

“ನೂರಕ್ಕ ಮೂರು ಕಮ್ಮಿ ಬಿತ್ತಲ್ಲರೀ ರಾಯರ,” ಎಂದರು ಮೇಸ್ತ್ರಿ. “ಇರ್ಲಿ, ಇದು ಅರ್ಧಾ ಲೆಕ್ಕ. ತಾಯಿ ಹೆಸರು ಕೂಡಿಸ್ರಿ, ಆಮ್ಯಾಲ ಪೂರಾ ಆಕ್ಕೈತಿ. ನಮ್ಮಪ್ಪ ಯಾರ ಲೆಕ್ಕ ತಗದ್ರೂ ಮೊದಲು ತಾಯಿ ಹೆಸರು ಕೇಳ್ತಿದ್ದ.”

ನಾನು ಲಕ್ಷ್ಮಿ ಎಂದು ಬರೆದೆ. ನಾಲ್ಕುನೂರು ಬಂತು. ಗುಂಡಾದ, ತುಂಬಿದ ಸಂಖ್ಯೆ. ಖುಷಿಯಾಗಿ ಹಲಗೆ ತೋರಿಸಿದರೆ ಮೇಸ್ತ್ರಿ ಅದರ ಮೇಲೆ ಬೆರಳಿಟ್ಟು, ಇದು ಯಾವ ಮನೀ ಹೆಸರು ಎಂದು ಕೇಳಿದರು. ನಿಮ್ಮೋರು ಲಗ್ನದಾಗ ಅಕ್ಕಿ ಮ್ಯಾಲ ಉಂಗುರದಿಂದ ಹೊಸಾ ಹೆಸರು ಬರೀತಾರಲ್ಲ, ಅದಾ ಇದು? ತೊಟ್ಟಿಲದಾಗ ಇಟ್ಟದ್ದು ಯಾವುದು?

ನನಗೆ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷ ಅವಳ ಕೈಯ ಅನ್ನ ಉಂಡಿದ್ದೇನೆ. ಸಾವಿರ ವರ್ಷದ ಹಿಂದಿನ ರಾಜರ ತಾಯಂದಿರ ಹೆಸರುಗಳನ್ನು ಶಾಸನ ಓದಿ ಹೇಳಬಲ್ಲೆ. ಇದು ಗೊತ್ತಿರಲಿಲ್ಲ.

ಅಲ್ಲಿ ಕೂತಿದ್ದಾಗಲೇ ಇನ್ನೊಂದು ಮಾತು ನೆನಪಾಯಿತು. ಆ ವರ್ಷ ಮಳೆಗಾಲದಲ್ಲಿ ಅವ್ವನ ಅಕ್ಕ, ಮುಂಡಗೋಡದ ಮೌಶಿ, ತೀರಿಕೊಂಡಿದ್ದಳು. ಅಣ್ಣ ತಮ್ಮಂದಿರು ಮೊದಲೇ ಹೋಗಿದ್ದರು. ತವರಿನ ಕಡೆಯ ಕೊನೆಯ ಜೀವ ಅದು. ದಿನಗಳು ಮುಗಿದು ಬಸ್ಸಿನಲ್ಲಿ ಮರಳುವಾಗ ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ಇನ್ನ ನನ್ನ ಹೆಸರು ಹಿಡದು ಕರಿಯೋರು ಯಾರೂ ಉಳೀಲಿಲ್ಲ ನೋಡು” ಅಂದಿದ್ದಳು. ನಾನು ಅದನ್ನು ದುಃಖದಲ್ಲಿ ಆಡಿದ ಮಾತು ಎಂದುಕೊಂಡಿದ್ದೆ. ಅವಳು ನಡೆದದ್ದನ್ನು ನಡೆದಂತೆ ಹೇಳಿದ್ದಳು. ಮೌಶಿಯೊಡನೆ ಒಂದು ಹೆಸರೂ ಹೋಗಿತ್ತು. ಅದು ಈಗ ಜಗತ್ತಿನಲ್ಲಿ ಅವ್ವನೊಬ್ಬಳಿಗೇ ಗೊತ್ತು. ಅವಳೂ ಹೋದರೆ ಅದು ಇರಲೇ ಇಲ್ಲ ಎಂದ ಹಾಗೆ.

ಮೌಶಿ ನಮ್ಮ ಮನೆಗೆ ಬಂದಾಗ ಅವ್ವನನ್ನು ಏನೆಂದು ಕರೆಯುತ್ತಿದ್ದಳು? ಎಷ್ಟು ಜಗ್ಗಿದರೂ ನನ್ನ ನೆನಪಿನಿಂದ ‘ತಂಗೀ’ ಎಂಬುದಷ್ಟೇ ಬಂತು. ಅದೂ ನಿಜವೋ, ನಾನೇ ತುಂಬಿದ್ದೋ.

ಮನೆಗೆ ಹೋಗಿ, ನನ್ನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಕೂಡಿ ತೋರಿಸಿ, ಅವಳ ತೊಟ್ಟಿಲ ಹೆಸರು ಕೇಳಿದೆ. ಅವ್ವ ಕೇಳಿಸದವಳಂತೆ ಅವರೆಕಾಯಿ ಸುಲಿದಳು. ಮರುದಿನ ಕೇಳಿದೆ. ಈಗ್ಯಾಕ ಬೇಕು ಅದು ಅಂದಳು. ಮೂರನೆಯ ದಿನ ಅವಳಿಗೆ ಸಿಟ್ಟೇ ಬಂತು, “ಬಾಯಿಗೆ ಬರೂದಿಲ್ಲೋ ಅದು, ಬಿಡು,” ಎಂದು ಎದ್ದು ಹೋದಳು. ಮರೆತಿದ್ದಾಳೆ, ಪಾಪ, ಹೇಳಿಕೊಳ್ಳಲು ನಾಚಿಕೆ ಎಂದು ನಾನು ತೀರ್ಮಾನಿಸಿದೆ. ಮೇಸ್ತ್ರಿಗೂ ಹಾಗೇ ವರದಿ ಮಾಡಿದೆ. ಅವರು ಒಪ್ಪಲಿಲ್ಲ. ತಮ್ಮ ತಾಯಿ ಕೊನೆಗಾಲಕ್ಕೆ ಹೆತ್ತ ಮಗನ ಹೆಸರು ಮರೆತಿದ್ದಳಂತೆ, ಯಾರಪ್ಪಾ ನೀನು ಎಂದು ದಿನಾ ಕೇಳುತ್ತಿದ್ದಳಂತೆ. ತನ್ನ ಹೆಸರು ಮಾತ್ರ ಕೇಳಿದ ಕೂಡಲೇ ಹೇಳುತ್ತಿದ್ದಳಂತೆ. ಮರೆಯುವ ವಸ್ತು ಅಲ್ಲ ಅದು ಎಂದರು. ಇದಾದ ಮೇಲೆ ಒಂದು ವಾರ ನಾನು ಹಲಗೆಯನ್ನೇ ಮುಟ್ಟಲಿಲ್ಲ. ಸಾಯುವುದಕ್ಕೆ ಮೊದಲು ಮೌಶಿಯನ್ನು ಒಮ್ಮೆ ಕೇಳಿದ್ದರೆ ಆಗುತ್ತಿತ್ತು ಎಂಬುದೊಂದೇ ಯೋಚನೆ.

ಆಮೇಲೊಂದು ರವಿವಾರ ಬೆಳಿಗ್ಗೆ ದಾಡಿಗೆ ಕೂತಿದ್ದೆ. ರೂಢಿಯ ಬಲದಿಂದ ಬಾಯಿ ತಾನಾಗಿಯೇ ಶುರು ಮಾಡಿತ್ತು. ‘ರೇ’ ಹತ್ತಿರ ಬಂದು ನಿಂತೆ. ರೇ ಎಷ್ಟು?

“ಇನ್ನೂರು,” ಎಂದು ಒಳಗಿನಿಂದ ಬಂತು.

ಕತ್ತಿ ಕೆನ್ನೆಯ ಮೇಲೇ ನಿಂತಿತು. ಶೀನ್ ಎಷ್ಟು ಎಂದು ಪರೀಕ್ಷೆಗೆ ಕೇಳಿದೆ. ಮುನ್ನೂರು. ಐನ್? ಎಪ್ಪತ್ತು. ನಾನು ತಿಂಗಳಿಗೂ ಮಿಕ್ಕಿ ಹೆಣಗಿದ್ದನ್ನು ಅವಳು ಒಲೆಯ ಮುಂದೆ ಕೂತು ಕೇಳಿ ಕೇಳಿ ಮುಗಿಸಿಬಿಟ್ಟಿದ್ದಳು. ಓದು ಬಾರದವರಿಗೆ ನೆನಪನ್ನು ಸಂಶಯದಿಂದ ನೋಡುವ ಸೌಕರ್ಯವಿಲ್ಲ, ಇಟ್ಟುಕೊಂಡದ್ದನ್ನು ಗಟ್ಟಿಯಾಗಿ ಇಟ್ಟುಕೊಳ್ಳುತ್ತಾರೆ.

ಅವ್ವ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ಕೂತಳು. ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಮುಟ್ಟುತ್ತ, ಒಂದೊಂದಕ್ಕೂ ನಿಲ್ಲುತ್ತ ಹೇಳಿದಳು. “ಇಪ್ಪತ್ತು. ಇನ್ನೂರು. ಮುನ್ನೂರು. ಐವತ್ತು. ಆಮ್ಯಾಲ ಒಂದು.”

ಮುಖದ ತುಂಬ ನೊರೆ ಇಟ್ಟುಕೊಂಡೇ ನಾನು ಬಿಡಿಸಿದೆ. ಕಾಫ್, ರೇ, ಶೀನ್, ನೂನ್, ಅಲಿಫ್. ಕ, ರ, ಶ, ನ, ಕೊನೆಗೆ ಆ. ಕೃಷ್ಣಾ. ಲೆಕ್ಕ ತಪ್ಪಿದೆ ಎಂದುಕೊಂಡೆ. ಏಕೆಂದರೆ ಕೃಷ್ಣ ನನ್ನ ಅಜ್ಜನ ಹೆಸರು, ಅವ್ವನ ಮಾವನವರದು.

“ಅದು ಅಜ್ಜಂದಲ್ಲೇನವ್ವಾ?”

“ನಂದೂ ಹೌದು. ನಮ್ಮವ್ವ ಹೊಳೀ ಹೆಸರು ಇಟ್ಟಿದ್ಲು. ಇಬ್ಬರದೂ ಒಂದೇ ಬಂತು. ಅವರು ದೊಡ್ಡೋರು, ಅವರಿಗೆ ಉಳೀತು.”

ಸೊಸೆಯಾದವಳು ಮಾವನ ಹೆಸರು ಬಾಯಲ್ಲಿ ಹಿಡಿಯುವಂತಿಲ್ಲ. ಅಜ್ಜ ಸತ್ತು ಎಷ್ಟೋ ವರ್ಷವಾದರೂ ಅವಳ ಬಾಯಿಗೆ ಆ ಕಟ್ಟು ಬಿಚ್ಚಿರಲಿಲ್ಲ. ಅವಳು ಗೋಕುಲಾಷ್ಟಮಿಯ ದೇವರನ್ನು ‘ಬೆಣ್ಣೀ ದೇವರು’ ಎನ್ನುವುದೂ, ಕೃಷ್ಣ ತುಳಸಿಯನ್ನು ‘ಕರೀ ತುಳಸಿ’ ಎನ್ನುವುದೂ ಮನೆಯಲ್ಲಿ ತಮಾಷೆಯ ವಿಷಯವಾಗಿತ್ತು. ಮಾವನನ್ನು ತಪ್ಪಿಸಲು ಅಷ್ಟು ಸುತ್ತಿ ಹೋಗುತ್ತಾಳೆ ಎಂದು ನಗುತ್ತಿದ್ದೆವು. ದಿನಕ್ಕೆ ನಾಲ್ಕು ಸಲ ತನ್ನನ್ನೂ ತಪ್ಪಿಸಿಕೊಂಡು ಹೋಗುತ್ತಿದ್ದಳು ಎಂದು ಯಾರಿಗೂ ಹೊಳೆದಿರಲಿಲ್ಲ. ಮೌಶಿಯಾದರೂ ಅಜ್ಜ ಜಗಲಿಯಲ್ಲಿ ಕೂತಿರುವಾಗ ಆ ಹೆಸರಿನಿಂದ ತಂಗಿಯನ್ನು ಹೇಗೆ ಕೂಗಿಯಾಳು? ಹಿತ್ತಲಲ್ಲಿ ಇಬ್ಬರೇ ಇದ್ದಾಗ ಕರೆಯುತ್ತಿದ್ದಳಂತೆ.

ಈಗ ಹೇಳಿದೆಯಲ್ಲ ಎಂದೆ. ಅವ್ವ ಒಪ್ಪಲಿಲ್ಲ. ಹೆಸರು ಎಲ್ಲಿ ಹೇಳೀನಿ, ಲೆಕ್ಕ ಹೇಳೀನಿ ಅಂದಳು. ಈ ತೀರ್ಪಿನಲ್ಲಿ ಯಾವ ಶಾಸ್ತ್ರಿಯೂ ದೋಷ ಹಿಡಿಯಲಾರ.

ಆ ಸಂಜೆ ಮೇಸ್ತ್ರಿ ಹಲಗೆಯ ಮೇಲೆ ತಾವೇ ಕೂಡಿದರು. ಅವ್ವನದು ಐನೂರ ಎಪ್ಪತ್ತೊಂದು, ನನ್ನದು ತೊಂಬತ್ತೇಳು, ಒಟ್ಟು ಆರುನೂರ ಅರವತ್ತೆಂಟು. ಇದರಿಂದ ಏನು ತಿಳಿಯುತ್ತದೆ ಎಂದು ಕೇಳಿದೆ. ನನಗೇನ ಗೊತ್ತರೀ, ಅದು ನಮ್ಮಪ್ಪಗ ಗೊತ್ತಿತ್ತು ಎಂದರು. ಆಮೇಲೆ ಹಲಗೆಯನ್ನು ಇನ್ನೊಮ್ಮೆ ನೋಡಿ, “ಇಷ್ಟ ದೊಡ್ಡ ಹೆಸರು ಇಷ್ಟ ದಿನಾ ಎಲ್ಲಿಟ್ಟಿದ್ರೋ ಆಕಿ,” ಎಂದು ತಮ್ಮಷ್ಟಕ್ಕೆ ಅಂದರು. ಅಳಿಸಲು ಎತ್ತಿದ ಬಟ್ಟೆಯನ್ನು ಹಾಗೇ ಕೆಳಗಿಟ್ಟರು.

ಮನೆಗೆ ನಡೆಯುತ್ತ ನನಗೊಂದು ಹೊಸ ಪೇಚು ಹೊಳೆಯಿತು. ಹೆಸರು ಸಿಕ್ಕಿತು, ಸರಿ. ಆದರೆ ಕರೆಯುವವರು ಯಾರು? ಅವಳೇ ಹೇಳಿಕೊಳ್ಳುವಂತಿಲ್ಲ. ಮಗ ತಾಯಿಯನ್ನು ಹೆಸರು ಹಿಡಿದು ಕೂಗುವಂತಿಲ್ಲ. ನಾಳೆ ಸೊಸೆ ಬಂದರೆ ಅವಳಿಗೂ ಅದೇ ಕಟ್ಟು. ಬಸ್ಸಿನಲ್ಲಿ ಅವಳು ಅಂದದ್ದು ಹೆಸರು ಮರೆಯಿತು ಎಂದಲ್ಲ, ಕರೆಯುವವರು ಇಲ್ಲ ಎಂದು. ನಾನು ಎಂ.ಎ. ಆದ್ದರಿಂದ ಹೆಸರನ್ನಷ್ಟೇ ಹುಡುಕಿದ್ದೆ.

ಅಂಗಳದಲ್ಲಿ ನಿಂತೆ. ಅವ್ವ ಒಳಗೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಹಿತ್ತಲಿನಿಂದ ಹುಡುಗಿಯನ್ನು ಕೂಗುವಂತೆ, ಸ್ವಲ್ಪ ರಾಗ ಎಳೆದು ಕರೆದೆ.

“ಐನೂರಾ ಎಪ್ಪತ್ತೊಂದೂ...”

ಒಳಗೆ ಬಳೆಯ ಸದ್ದು ನಿಂತಿತು. ಪಕ್ಕದ ಮನೆಯವರು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ.

“ಓ,” ಅಂದಳು ಅವ್ವ. ನನಗೆ ಎಂದೂ ಹಾಗೆ ಓಗೊಟ್ಟವಳಲ್ಲ. ಆ ದನಿಗೆ ಹತ್ತು ವರ್ಷವೂ ಆಗಿರಲಿಕ್ಕಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಬಂದು, ನನ್ನ ಕಡೆ ನೋಡದೆ ರಸ್ತೆಯ ಕಡೆ ನೋಡುತ್ತ, “ಇನ್ನೊಮ್ಮೆ ಕರಿ” ಎಂದಳು.